ಕೈಹಿಡಿದವನಿಗೊಂದು ಕೈಪಿಡಿ

ನೈರೋಬಿಯಲ್ಲಿ ಲಂಗಾಟಾ ದಾಟಿದ ಮೇಲೆ, ನ್ಯಾಷನಲ್ ಪಾರ್ಕಿನ ಬೇಲಿಗೆ ಬೆನ್ನು ಆನಿಸಿಕೊಂಡು ಕೂತಿರುವ ಆ ಶೂಟಿಂಗ್ ಕ್ಲಬ್ಬಿನಲ್ಲಿ ಹಿತ್ತಲ ಕಡೆಯ ಒಂದು ಕೋಣೆ ಖಾಲಿಯಾಯಿತು. ಖಾಲಿ ಸೈಟು, ಖಾಲಿ ಕುರ್ಚಿ, ಖಾಲಿ ಕೋಣೆ ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಡಾಕ್ಟರ್ ಡೆಂಜಿಲ್ ಅಲ್ಲಿ ಬಾರ್ ಮಾಡಬೇಕು ಅಂದ. ವತ್ಸಲಾ ಅಲ್ಲಿ ಬಾರು ಮಾಡಬೇಕು ಅಂದಳು. ಇಬ್ಬರ ನಡುವೆ ಇದ್ದದ್ದು ಒಂದು ಕೊಂಬಿನ ವ್ಯತ್ಯಾಸ. ಆ ಕೊಂಬಿನಲ್ಲೇ ಇಬ್ಬರೂ ಹಾಯ್ದಾಡಿದರು.

ಬಾರು ಅಂದರೆ ತೋಟೆ ತುಂಬುವ ಕೆಲಸ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಬಿಸಾಡದೆ, ತೊಳೆದು, ಪ್ರೆಸ್ಸಿನಲ್ಲಿ ಒತ್ತಿ ಆಕಾರಕ್ಕೆ ತಂದು, ತಳಕ್ಕೆ ಹೊಸ ಕೇಪು ಕೂರಿಸಿ, ಒಳಗೆ ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ಮತ್ತೆ ಬಳಸುವುದು. ಮಿಕ್ಕ ಇಡ್ಲಿಯನ್ನು ಪುಡಿಮಾಡಿ ಉಪ್ಪಿಟ್ಟು ಮಾಡುವ ಕುಲದಲ್ಲಿ ಹುಟ್ಟಿದ ವತ್ಸಲಾಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ವ್ಯತ್ಯಾಸ ಇಷ್ಟೇ: ಉಪ್ಪಿಟ್ಟಿಗೆ ಮೆಣಸಿನಕಾಯಿ ಹೆಚ್ಚಾದರೆ ಗಂಡ ಮುಖ ಸಿಂಡರಿಸುತ್ತಾನೆ, ಇಲ್ಲಿ ಮದ್ದು ಹೆಚ್ಚಾದರೆ ಸಿಂಡರಿಸಲು ಮುಖವೇ ಉಳಿಯುವುದಿಲ್ಲ.

ಅವಳಿಗೆ ಆ ಕೋಣೆ ಬೇಕಾದದ್ದು ಅಜ್ಜಿಗೋಸ್ಕರ. ಅಜ್ಜಿ ಅಂದರೆ ಅವಳ ರೈಫಲ್. ಲ್ಯಾವಿಂಗ್ಟನ್ನಿನ ಶಾಲೆಯೊಂದರಲ್ಲಿ ಅವಳು ಕೆಮಿಸ್ಟ್ರಿ ಕಲಿಸುತ್ತಿದ್ದಾಗ ಅಲ್ಲಿದ್ದ ಮುದಿ ಹೆಡ್‌ಮಿಸ್ಟ್ರೆಸ್ ತನ್ನ ದೇಶಕ್ಕೆ ವಾಪಸಾಗುವ ಮುಂಚೆ ಲೈಸೆನ್ಸು, ಕಾಗದಪತ್ರ ಎಲ್ಲ ಮಾಡಿಸಿ ಕೊಟ್ಟುಹೋದದ್ದು. ವತ್ಸಲಾಗೆ ಮಂಡಿ ನೋವು ಬಂತು, ಕನ್ನಡಕ ದಪ್ಪವಾಯಿತು, ರಿಟೈರ್ಮೆಂಟೂ ಆಯಿತು. ಅಜ್ಜಿ ಮಾತ್ರ ಗುರಿ ತಪ್ಪಲಿಲ್ಲ. ವರ್ಷಾ ವರ್ಷಾ ಕ್ಲಬ್ಬಿನ ಕಪ್ ವತ್ಸಲಾಗೆ, ವರ್ಷಾ ವರ್ಷಾ ಎರಡನೇ ಸ್ಥಾನ ಡೆಂಜಿಲ್‌ಗೆ. ಆದರೆ ಅಜ್ಜಿಯ ಅಳತೆಯ ತೋಟೆ ಮಾಡುತ್ತಿದ್ದ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟಿತು. ಪೇಟೆಯ ಅಂಗಡಿಯವನು ಕೈಯಾಡಿಸಿ, “ಹಾಕುನಾ, ಮಾಮಾ” ಅಂದ. ಸ್ವಾಹಿಲಿಯಲ್ಲಿ ಹಾಗಂದರೆ ‘ಇಲ್ಲ, ಅಮ್ಮಾ’ ಅಂತ. ಜೊತೆಗಿದ್ದ ಗಂಡ ದ್ವಾರಕಾನಾಥ್ ಮಾತ್ರ, “ಹಾಕ್ತಾನಂತಾ? ಎಷ್ಟು ಡಬ್ಬಿ ಹಾಕ್ತಾನಂತೆ?” ಅಂತ ಚೀಲ ಬಿಚ್ಚಿದ್ದ.

ಮನೆಯ ಲಾಕರಿನಲ್ಲಿ ಉಳಿದದ್ದು ಬೆರಳೆಣಿಕೆಯ ತೋಟೆ. ತುಂಬಿಕೊಳ್ಳಲು ಜಾಗ ಸಿಗದಿದ್ದರೆ ಅಜ್ಜಿ ಬೀರು ಸೇರಬೇಕು. ಕಪ್ ಡೆಂಜಿಲ್‌ನ ಷೋಕೇಸು ಸೇರಬೇಕು.

“ಎಂತ ಮಾರಾಯ್ರೆ ಇದು,” ಅಂತ ಡೆಂಜಿಲ್ ಕಮಿಟಿಯ ಎದುರು ಕೈ ಬಿಚ್ಚಿದ. ಮಂಗಳೂರು ಬಿಟ್ಟು ಅರ್ಧ ಆಯುಷ್ಯವಾದರೂ ಅವನ ಕನ್ನಡ ಇನ್ನೂ ಹಂಪನಕಟ್ಟೆಯಲ್ಲೇ ಬಸ್ಸು ಕಾಯುತ್ತಿತ್ತು. “ಮದ್ದು ಒಳಗೆ ಇಡುವುದು ಡೇಂಜರ್ ಅಲ್ವಾ? ಅದೇ ಬಿಯರ್ ಇಟ್ಟರೆ ಎಂತ ಡೇಂಜರ್ ಉಂಟು?”

“ಬಂದೂಕು ಹಿಡಿದವರಿಗೆ ಬಿಯರ್ ಕೊಡೋದು ಡೇಂಜರ್ ಅಲ್ವಾ ಡಾಕ್ಟ್ರೇ?” ಅಂದಳು ವತ್ಸಲಾ.

“ಗುಂಡು ಹಾರಿಸಿ ಆದ ಮೇಲೆ ಗುಂಡು. ಮೊದಲು ಯಾರು ಕೊಡ್ತಾರೆ?”

“ಜನ್ಮವಿಡೀ ಜನಕ್ಕೆ ಮದ್ದು ಕೊಟ್ಟೋರು ನೀವು. ನನಗೆ ಒಂದು ಚಿಟಿಕೆ ಕೊಡೋಕೆ ಹೊಟ್ಟೆಯುರಿಯಾ?”

ಕ್ಲಬ್ಬಿನ ಅಧ್ಯಕ್ಷ ವಂಜೋಹಿ ಒಳ್ಳೆಯ ಮನುಷ್ಯ. “ಜಗಳ ನಿಮ್ಮ ಭಾಷೆಯಲ್ಲಿ ಶುರುವಾಗಿದೆ, ತೀರ್ಪೂ ಅದರಲ್ಲೇ ಆಗಲಿ. ಅಸಾಂಟೆ,” ಅಂತ ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ, ಕೈಮುಗಿದು ಎದ್ದುಹೋದ. ತೀರ್ಪು ಸೆಕ್ರೆಟರಿ ಫೆಲಿಕ್ಸ್‌ನ ತಲೆಗೆ ಬಂತು. ಫೆಲಿಕ್ಸೂ ಮಂಗಳೂರಿನವನೇ, ಡೆಂಜಿಲ್‌ನ ಚರ್ಚಿನವನೇ. ಆದರೆ ಹೈಸ್ಕೂಲಿನ ಹೆಡ್‌ಮಾಸ್ತರಾಗಿ ರಿಟೈರ್ ಆದವನಾದ್ದರಿಂದ ಯಾರ ಮೇಲೂ ನಂಬಿಕೆ ಇಟ್ಟವನಲ್ಲ.

“ನೋಡಿ ವತ್ಸಲಾ ಟೀಚರ್, ಸರಕಾರದ ಪರ್ಮಿಷನ್ ನಾನು ಚಪ್ಪಲಿ ಸವೆಸಿ ತಂದಾಗಿದೆ. ಅದು ದೊಡ್ಡದಲ್ಲ. ನೀವು ತುಂಬುವುದೂ ದೊಡ್ಡದಲ್ಲ. ನಿಮ್ಮ ಹಿಂದೆ ಹೊಸಬರು ಬರ್ತಾರಲ್ಲ, ಅವರು ಯಾವ ಪುಸ್ತಕ ನೋಡಿ ಕಲೀತಾರೆ? ನನಗೆ ಅದು ಹೇಳಿ. ಆಮೇಲೆ ಹತ್ತು ಪುಸ್ತಕ ಓದಲಿ, ಹೋಲಿಸಲಿ. ಶುರುವಿಗೆ ಒಂದೇ. ಎರಡು ಇಟ್ಟರೆ ಎರಡರಲ್ಲೂ ತಮಗೆ ಬೇಕಾದ ಸಾಲು ಮಾತ್ರ ಓದ್ತಾರೆ. ದಸರೆಯ ಭಾನುವಾರ ಪುಸ್ತಕ ತನ್ನಿ, ನಿಜವಾದ ಮದ್ದು ಇಲ್ಲದೆ ಕೆಲಸ ಮಾಡಿ ತೋರಿಸಿ. ನನಗೆ ಧೈರ್ಯ ಬಂದರೆ ಕೋಣೆ ನಿಮ್ಮದು. ಬಾರದಿದ್ದರೆ...”

“ಬಾರ್,” ಅಂತ ಡೆಂಜಿಲ್ ವಾಕ್ಯ ಮುಗಿಸಿದ.

ಹೊಸಬರು ಅಂದರೆ ಸದ್ಯಕ್ಕೆ ಒಬ್ಬನೇ: ವೈಭವ್. ಬೆಂಗಳೂರಿನಿಂದ ಟೆಲಿಕಾಂ ಕಂಪನಿಯ ಪೋಸ್ಟಿಂಗ್ ಮೇಲೆ ಬಂದವನು. ಕಾರಿಡಾರಿಗೆ ಬಂದದ್ದೇ ತಡ, ಗಂಟಲು ಸರಿಮಾಡಿಕೊಂಡು, ಹೊಟ್ಟೆ ಮುಂದೆ ತಳ್ಳಿ, “ಎಂತ ಮಾರಾಯ್ರೆ, ನಿಮಗೆ ಬಿ.ಪಿ. ಉಂಟಲ್ಲ, ಮದ್ದು ನಿಲ್ಲಿಸಬೇಕು, ಬಿಯರ್ ಶುರು ಮಾಡಬೇಕು” ಅಂತ ಥೇಟ್ ಡೆಂಜಿಲ್ ಆಗಿಬಿಟ್ಟ. ವತ್ಸಲಾ ನಕ್ಕಳು. ನಕ್ಕದ್ದೇ ತಪ್ಪಾಯಿತು.

“ಮೇಡಂ, ಪುಸ್ತಕ ಎಲ್ಲಾ ಯಾಕೆ? ಯೂಟ್ಯೂಬಲ್ಲಿ ಸೂಪರ್ ವಿಡಿಯೋಸ್ ಇದೆ.”

“ಇದೆಯಪ್ಪಾ. ಕೈ ಇರೋರೆಲ್ಲ ಹಾಕಿರ್ತಾರೆ. ಕೈ ಹೋದವನು ವಿಡಿಯೋ ಹೇಗೆ ಹಾಕ್ತಾನೆ?”

ವೈಭವ್ ಮೊಬೈಲನ್ನು ಜೇಬಿಗೆ ಇಳಿಸಿದ.

ವತ್ಸಲಾ ಮೂರು ಪುಸ್ತಕ ತರಿಸಿದಳು. ಮೂರೂ ಇಂಗ್ಲಿಷ್. ಈಗ ಅವನ್ನು ಪರೀಕ್ಷೆ ಮಾಡುವುದು ಹೇಗೆ? ತಾನೇ ಓದಿ ನೋಡಿದರೆ ಪ್ರಯೋಜನವಿಲ್ಲ. ಈಜು ಬಲ್ಲವಳು ಕೆರೆಯ ಆಳ ಹೇಳಿದ ಹಾಗಾಗುತ್ತದೆ. ಬೇಕಾದದ್ದು ಒಬ್ಬ ಶುದ್ಧ ಹೊಸಬ. ಹೇಳಿದ್ದನ್ನು ಕೇಳದವನು, ಬರೆದದ್ದನ್ನು ಓದದವನು, ಗೊತ್ತಿಲ್ಲದ್ದನ್ನು ಒಪ್ಪದವನು. ಅಂಥವನನ್ನು ಹುಡುಕಿಕೊಂಡು ನೈರೋಬಿ ಸುತ್ತಬೇಕಾಗಿರಲಿಲ್ಲ. ಕಸರಾನಿಯ ಫ್ಲ್ಯಾಟಿನ ಸೋಫಾದ ಮೇಲೆ ಕಾಲು ಚಾಚಿ ಕೋಡುಬಳೆ ತಿನ್ನುತ್ತಿದ್ದ.

ದ್ವಾರಕಾನಾಥ್ ಮೈಸೂರಿನ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ಸ್ವಂತ ಇಷ್ಟದಿಂದ ನಿವೃತ್ತಿ ತೆಗೆದುಕೊಂಡು ಹೆಂಡತಿಯ ಕೆಲಸದ ಹಿಂದೆ ಆಫ್ರಿಕಾಕ್ಕೆ ಬಂದವನು. ಈಗ ಅವನು ಕೂತಿದ್ದ ಸೋಫಾವನ್ನು ಅವನೇ ಜೋಡಿಸಿದ್ದು. ಜೋಡಿಸಿದ ಮೇಲೆ ಒಂದು ಹಿಡಿ ಸ್ಕ್ರೂ ಮಿಕ್ಕಿತ್ತು. “ಕಂಪನಿಯವರು ಧಾರಾಳಿಗಳು, ಎಕ್ಸ್‌ಟ್ರಾ ಕೊಟ್ಟಿದಾರೆ” ಅಂತ ಅದನ್ನು ಡ್ರಾಯರಿನಲ್ಲಿ ಹಾಕಿದ್ದ. ಆವತ್ತಿನಿಂದ ಆ ಸೋಫಾದ ಎಡತುದಿಯಲ್ಲಿ ಅತಿಥಿಗಳನ್ನು ಕೂರಿಸುವುದಿಲ್ಲ.

“ರೀ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು.”

“ದುಡ್ಡಾ?”

“ಅಲ್ಲ. ನಿಮ್ಮ ದಡ್ಡತನ.”

“ಅದು ಫ್ರೀ,” ಅಂತ ದ್ವಾರಕಾನಾಥ್ ಎದ್ದು ಕೂತ.

ಡೈನಿಂಗ್ ಟೇಬಲ್ಲಿನ ಮೇಲೆ ಪ್ರೆಸ್ ಬಿಗಿದಳು. ಪಕ್ಕದಲ್ಲಿ ಸಣ್ಣ ತಕ್ಕಡಿ, ಖಾಲಿ ಹಿತ್ತಾಳೆಯ ಕೊಳವೆಗಳು. ಮದ್ದಿನ ಬದಲು ಬಾಂಬೆ ರವೆ. ಕೇಪು ಗೀಪು ಏನೂ ಇಲ್ಲ. “ಈ ರವೇನ ಆಮೇಲೆ ಉಪ್ಪಿಟ್ಟಿಗೆ ಹಾಕ್ಬೇಡಿ,” ಅಂದಳು, “ಗುಂಡಿನ ಸೀಸ ತಾಗಿರತ್ತೆ.” ತಕ್ಕಡಿಯ ಅಳತೆ ಗ್ರೇನ್ ಅಂತ. ಅದೆಷ್ಟು ಅಂತ ಅವನು ಕೇಳಿದ್ದಕ್ಕೆ, “ಗುಲಗಂಜಿ ನೋಡಿದೀರಲ್ಲ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ” ಅಂದಳು. “ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತಾರೆ? ಕಣ್ಣಳತೆ ಸಾಕು,” ಅಂದ ದ್ವಾರಕಾನಾಥ್. ಹೊಸಬ ಸಿದ್ಧನಾಗಿದ್ದ.

ಮೊದಲನೆಯದು ದಪ್ಪ ಪುಸ್ತಕ. ಹೊದಿಕೆಯ ಮೇಲೆ ಕೊಂಬಿನ ಜಿಂಕೆ, ಒಳಗೆ ಪುಟಗಟ್ಟಲೆ ಅಂಕಿಗಳ ಪಟ್ಟಿ. ಪ್ರಪಂಚದ ಎಲ್ಲ ಬಂದೂಕುಗಳ ಜಾತಕ ಅದರಲ್ಲಿತ್ತು. ದ್ವಾರಕಾನಾಥ್ ಅದಕ್ಕೆ ‘ದಪ್ಪಣ್ಣ’ ಅಂತ ನಾಮಕರಣ ಮಾಡಿ, ಮುನ್ನುಡಿ ಗಿನ್ನುಡಿ ಎಲ್ಲ ಹಾರಿಸಿ ನೇರ ಪಟ್ಟಿಗೆ ಇಳಿದ. ಅಂಕಿ ಕಂಡದ್ದೇ ಹಳೆಯ ಮ್ಯಾನೇಜರು ಮೈಕೊಡವಿ ಎದ್ದ. ಬೆರಳು ಸಾಲಿನುದ್ದಕ್ಕೂ ಓಡಿ ಕೊನೆಯ ಮನೆಯಲ್ಲಿ ನಿಂತಿತು.

“ಇದು. ಇದನ್ನೇ ಹಾಕ್ಬೇಕು.”

“ಅದು ಯಾಕೆ?”

“ಇದರಲ್ಲೇ ಅಲ್ವೇನೇ ಜಾಸ್ತಿ ಇರೋದು? ಎಫ್.ಡಿ. ಇಡೋವಾಗ ಯಾರಾದ್ರೂ ಕಮ್ಮಿ ಬಡ್ಡಿದು ಆರಿಸ್ತಾರಾ? ನೋಡು, ಮ್ಯಾಕ್ಸಿಮಮ್ ಅಂತ ಅವರೇ ಬರೆದಿದಾರೆ. ಸೀನಿಯರ್ ಸಿಟಿಜನ್ನಿಗೆ ಇದರ ಮೇಲೆ ಅರ್ಧ ಪರ್ಸೆಂಟ್ ಇರತ್ತೆ, ಹುಡುಕಿದ್ರೆ ಸಿಗತ್ತೆ.”

ವತ್ಸಲಾ ಪುಸ್ತಕ ಮುಚ್ಚಿದಳು. ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಬೇಕು ಅನ್ನುವ ಮಾತು ದಪ್ಪಣ್ಣನೂ ಹೇಳಿದ್ದ. ಆದರೆ ಎಲ್ಲಿ ಹೇಳಿದ್ದ ಅಂದರೆ, ಗಂಡಸರು ಓದದೇ ಬಿಡುವ ಪುಟದಲ್ಲಿ.

ಎರಡನೆಯದು ಅವಳ ಕಣ್ಮಣಿ. ದಹನ ಅಂದರೇನು, ಒತ್ತಡ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಬಿಸಿಲಿಗೆ ಮದ್ದು ಏನು ಮಾಡುತ್ತದೆ, ಚಳಿಗೆ ಏನು ಮಾಡುತ್ತದೆ, ಎಲ್ಲಕ್ಕೂ ಗ್ರಾಫು. ಅವಳು ಅದನ್ನು ಓದುವಾಗ ಮುಖದ ಮೇಲೆ ಬರುತ್ತಿದ್ದ ಕಳೆ ಮದುವೆ ಆಲ್ಬಮ್ಮಿನಲ್ಲೂ ಇಲ್ಲ ಅಂತ ದ್ವಾರಕಾನಾಥ್‌ನ ದೂರು. ಅದಕ್ಕೆ ಅವನಿಟ್ಟ ಹೆಸರು ‘ಮೇಷ್ಟ್ರು’. ಮೇಷ್ಟ್ರ ಪಾಠ ಶುರುವಾಗಿ ಮೊದಲ ಗ್ರಾಫು ಏರುವಷ್ಟರಲ್ಲಿ ಅವನ ತಲೆ ಇಳಿಯಿತು. ತೂಕದ ವಿಷಯಕ್ಕೆ ಬರುವ ಹೊತ್ತಿಗೆ ತೂಕಡಿಕೆ ಮುಗಿದು ಗೊರಕೆ.

“ವಿದ್ಯಾರ್ಥಿ ಮಲಗಿದ್ರೆ ಅದು ಪುಸ್ತಕದ ತಪ್ಪಲ್ಲ,” ಅಂದಳು ವತ್ಸಲಾ ಗೋಡೆಗೆ. ಮಾಸ್ತರಿಕೆ ಮಾಡಿದಷ್ಟು ಕಾಲವೂ ಅವಳು ಇದನ್ನೇ ನಂಬಿಕೊಂಡು ಬಂದವಳು.

ಮೂರನೆಯದು ಬಡಕಲು ಪುಸ್ತಕ. ಸುರುಳಿ ತಂತಿಯ ಬೈಂಡಿಂಗು, ಮೇಜಿನ ಮೇಲೆ ತೆರೆದಿಟ್ಟರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಬಾಯಿಯೂ ಹಾಗೇ. ಪ್ರತಿ ಪುಟದಲ್ಲೂ ಪ್ರಶ್ನೆ, ಪ್ರತಿ ಪ್ರಶ್ನೆಯ ಕೊನೆಗೆ ದಪ್ಪ ಅಕ್ಷರದಲ್ಲಿ ‘ನಿಲ್ಲಿ’. ಕೈ ತೊಳೆದಿರಾ? ಮೇಜಿನ ಮೇಲೆ ತಿಂಡಿ ಇದೆಯಾ? ಇದ್ದರೆ ನಿಲ್ಲಿ. ಮದ್ದಿನ ಡಬ್ಬಿ ಒಂದೇ ತಾನೇ? ಎರಡಿದ್ದರೆ ನಿಲ್ಲಿ. ಯಾರಾದರೂ ಮಾತಾಡಿಸುತ್ತಿದ್ದಾರಾ? ನಿಲ್ಲಿ. ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳಿಗೆ ಇದು ಮೈ ಉರಿಸಿತು.

ದ್ವಾರಕಾನಾಥ್ ಒಂದು ಪುಟ ಓದಿದವನೇ ಎದ್ದು ನಿಂತ. ಕಣ್ಣಲ್ಲಿ ನೀರು.

“ಥೇಟ್ ನಮ್ಮಮ್ಮ ಕಣೇ!”

ಹೇಳಿ ಕೇಳಿ ಮಿಮಿಕ್ರಿಯ ಮನುಷ್ಯ. ಬ್ಯಾಂಕಿನ ವಾರ್ಷಿಕೋತ್ಸವದಲ್ಲಿ ಚೇರ್ಮನ್ನರ ಎದುರೇ ಚೇರ್ಮನ್ನರನ್ನು ಮಾಡಿ ವರ್ಗ ಆಗಿದ್ದವನು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೆ ಟವೆಲ್ಲು ಸಿಕ್ಕಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಇಂಗ್ಲಿಷ್ ಸಾಲುಗಳನ್ನೆಲ್ಲ ತೀರಿಹೋದ ತಾಯಿಯ ಕನ್ನಡಕ್ಕೆ ತಿರುಗಿಸತೊಡಗಿದ. “ಕೈ ತೊಳೆದ್ಯೇನೋ ದ್ವಾರಕೀ? ಸೋಪು ಹಾಕಿದ್ಯೋ ಬರೀ ನೀರೋ? ಬಾಯಲ್ಲಿ ಏನದು ಕೋಡುಬಳೆ? ಉಗಿ ಮೊದಲು! ನಿಲ್ಲು ಅಲ್ಲೇ!” ತಾನೇ ಅಮ್ಮನಾಗಿ ಗದರಿ, ತಾನೇ ಮಗನಾಗಿ ಹೆದರಿ, ಕೈ ತೊಳೆದು ಬಂದ. ಹೇಳಿದಲ್ಲಿ ನಿಂತ. ನಿಂತಲ್ಲಿ ನೋಡಿದ. ರವೆ ತೂಗಿ ತುಂಬಿದ ಕೊಳವೆಗಳನ್ನು ವತ್ಸಲಾ ಒಂದೊಂದಾಗಿ ಪರೀಕ್ಷಿಸಿದಳು. ಒಂದೂ ತಪ್ಪಿರಲಿಲ್ಲ.

“ಇದೇ ಪುಸ್ತಕ,” ಅಂದ ಅವನು.

“ಅದು ನಿಮ್ಮಮ್ಮನ ಮಹಿಮೆ, ಪುಸ್ತಕದ್ದಲ್ಲ.” ವತ್ಸಲಾ ಬಡಕಲು ಪುಸ್ತಕವನ್ನು ಎಲ್ಲದರ ಅಡಿಗೆ ಇಟ್ಟಳು. ಹಾಲು ಉಕ್ಕತ್ತೆ ನೋಡು, ಗ್ಯಾಸ್ ಆರಿಸಿದ್ಯಾ ನೋಡು, ಉಪ್ಪು ಎರಡು ಸಲ ಹಾಕಿಬಿಟ್ಟೀಯಾ ನೋಡು ಅಂತ ಆ ಮಹಾತಾಯಿ ಬದುಕಿರುವ ತನಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದೂ ಮಹಾಸಾಗರ ದಾಟಿ ಬಂದದ್ದು ಅವಳ ಎರಡನೇ ಮುದ್ರಣ ಓದುವುದಕ್ಕೆ ಅಲ್ಲ. ಆ ಪುಸ್ತಕಕ್ಕೆ ‘ಅತ್ತೆ’ ಅಂತ ಹೆಸರಿಟ್ಟು, ಭಾನುವಾರ ಮೇಷ್ಟ್ರನ್ನೇ ಕಮಿಟಿಗೆ ಒಪ್ಪಿಸುವುದು ಅಂತ ತೀರ್ಮಾನಿಸಿದಳು.

ಶನಿವಾರ ಆಯುಧಪೂಜೆ. ದ್ವಾರಕಾನಾಥ್‌ಗೆ ವರ್ಷದಲ್ಲಿ ಒಂದು ದಿನ ಸಿಗುವ ಪೂರ್ಣ ಅಧಿಕಾರ. ಮಿಕ್ಸಿ, ಕಾರು, ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಕೊನೆಗೆ ಟಿ.ವಿ. ರಿಮೋಟಿಗೂ ಅವನು ಗಂಧ ಕುಂಕುಮ ಹಚ್ಚಿದ. ಸೇವಂತಿಗೆ ಸಿಗದೆ ನೈವಾಶಾದ ಗುಲಾಬಿ ಸುರಿದ. ಪ್ರೆಸ್ಸು, ತಕ್ಕಡಿ ಎರಡೂ ಮಂಟಪ ಏರಿದವು. ಪಕ್ಕದಲ್ಲಿ ಸರಸ್ವತಿಯ ಹೆಸರಿನಲ್ಲಿ ಮೂರು ಪುಸ್ತಕ.

“ರೀ, ಮೇಷ್ಟ್ರನ್ನ ಕೊಡಿ. ನಾಳೆ ಮಾತಾಡೋದು ತಯಾರಿ ಮಾಡ್ಕೋಬೇಕು.”

“ಪೂಜೆಗಿಟ್ಟ ಪುಸ್ತಕ ಮುಟ್ಟೋ ಹಾಗಿಲ್ಲ. ವಿಜಯದಶಮಿ ದಿನ ತೆಗೆದು, ಒಂದೊಂದರಲ್ಲೂ ಮೊದಲನೇ ಪುಟ ಓದಿ, ಆಮೇಲೆ ಬಳಸೋದು. ಶಾಸ್ತ್ರ.”

“ಸ್ಕೂಲ್ ಹುಡುಗರಿಗೆ ಆ ಶಾಸ್ತ್ರ.”

“ನಾನು ಹೊಸಬ ತಾನೇ? ಇನ್ನೂ ಸ್ಕೂಲೇ.”

ವತ್ಸಲಾ ಸೋತು, ಅಡಿಗೆಮನೆಯಿಂದಲೇ ಒಂದು ಮಾತು ಹೇಳಿದಳು: “ಹೋದ ವರ್ಷ ಮೈಕ್ರೋವೇವ್ ಮುಖದ ತುಂಬಾ ಬೊಟ್ಟಿಟ್ಟು ಟೈಮ್ ಕಾಣದ ಹಾಗೆ ಮಾಡಿದ್ರಿ. ಕ್ಲಬ್ಬಿಗೆ ತಗೊಂಡು ಹೋಗೋ ಸಾಮಾನು ಇದು. ಡೆಂಜಿಲ್ ನಗ್ತಾನೆ. ಕುಂಕುಮ ಎಲ್ಲಾದ್ರೂ ಕಾಣದ ಕಡೆ ಇಡಿ!”

“ಆಗ್ಲಿ,” ಅಂದ ದ್ವಾರಕಾನಾಥ್. ಹೆಂಡತಿಯ ಮಾತನ್ನು ಅಪರೂಪಕ್ಕೆ ಅಕ್ಷರಶಃ ಪಾಲಿಸಿದ.

ಭಾನುವಾರ ಹೂ ಮುಡಿದ ಕಾರು ಕಸರಾನಿಯಿಂದ ಹೊರಟಿತು. ಪಕ್ಕದಲ್ಲಿ ಬಂದ ಮಟಾಟು ಮಿನಿಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್, ಹೂವು ನೋಡಿ, “ಹರೂಸಿ?” ಅಂತ ಕೂಗಿದ, ಮದುವೆಯಾ ಅನ್ನುವ ಹಾಗೆ. “ಆಗಿಹೋಯ್ತಪ್ಪಾ, ಈಗೇನೂ ಮಾಡಕ್ಕಾಗಲ್ಲ!” ಅಂತ ದ್ವಾರಕಾನಾಥ್ ಅಚ್ಚಗನ್ನಡದಲ್ಲಿ ಉತ್ತರಿಸಿದ. ಆಶ್ಚರ್ಯ, ಅವನಿಗೆ ಅರ್ಥವಾಯಿತು. ಬಸ್ಸಿನ ಬದಿ ಬಡಿದು ನಕ್ಕ.

ಕೋಣೆಯಲ್ಲಿ ಫೆಲಿಕ್ಸ್ ಎರಡು ಮೇಜು ಹಾಕಿಸಿದ್ದ. ಡೆಂಜಿಲ್ ಆಗಲೇ ಗೋಡೆ ಅಳೆದು, ಫ್ರಿಜ್ ಎಲ್ಲಿ ಇಡಬೇಕು ಅಂತ ಚಾಕ್‌ಪೀಸಿನಲ್ಲಿ ಗೀಟು ಹಾಕಿಕೊಂಡಿದ್ದ. ವೈಭವ್ ಮೂಲೆಯ ಸ್ಟೂಲಿನಲ್ಲಿ ಕೂತಿದ್ದ. ವತ್ಸಲಾ ಪ್ರೆಸ್ ಬಿಗಿದಳು, ತಕ್ಕಡಿ ಇಟ್ಟಳು, ರವೆಯ ಡಬ್ಬಿ ತೆರೆದಳು, ಮೇಷ್ಟ್ರ ಕಡೆ ಕೈ ಚಾಚಿದಳು.

“ತಡಿ,” ಅಂದ ದ್ವಾರಕಾನಾಥ್. “ಶಾಸ್ತ್ರ ಬಾಕಿ.”

“ರೀ, ಈಗ ಬೇಡ.”

“ಓದಲಿ ಬಿಡಿ ಟೀಚರ್,” ಅಂದ ಡೆಂಜಿಲ್, ಭಾರೀ ಉದಾರವಾಗಿ. “ನಾವು ಬೆಳಿಗ್ಗೆ ಬೈಬಲ್ ಓದಿಯೇ ಬಂದದ್ದು. ನಿಮ್ಮದೂ ಆಗಲಿ.”

ದಪ್ಪಣ್ಣನ ಮೊದಲ ಪುಟದಲ್ಲಿ ಗ್ರಂಥಕರ್ತ ತನ್ನ ಹೆಂಡತಿಗೂ ತನ್ನ ನಾಯಿಗೂ ಕೃತಜ್ಞತೆ ಹೇಳಿದ್ದ. ನಾಯಿಗೆ ಎರಡು ಸಾಲು ಜಾಸ್ತಿ. ಮೇಷ್ಟ್ರ ಮೊದಲ ಪುಟದಲ್ಲಿ ದಹನಕ್ರಿಯೆಯ ವ್ಯಾಖ್ಯೆ ಇತ್ತು. ವಾಕ್ಯ ಮುಗಿಯುವ ಮುಂಚೆ ಫೆಲಿಕ್ಸ್ ಆಕಳಿಸಿದ. ದ್ವಾರಕಾನಾಥ್ ಮೂರನೆಯದನ್ನು ಕಣ್ಣಿಗೊತ್ತಿಕೊಂಡು ಬಿಡಿಸಿದ. ಕನ್ನಡಕ ಮೂಗಿನ ತುದಿಗೆ ಬಂತು. ವತ್ಸಲಾ ಹಲ್ಲು ಕಚ್ಚಿದಳು: ಅತ್ತೆ ಬಂದಳು.

“ಏನಮ್ಮಾ, ತಕ್ಕಡಿ ಇಟ್ಟಿದೀಯಲ್ಲ, ಸರಿ ಇದೆಯಾ? ನಿನ್ನೆ ಸರಿ ಇತ್ತು ಅಂತ ನನ್ನ ಹತ್ರ ಹೇಳ್ಬೇಡ. ನಿನ್ನೆದು ನಿನ್ನೆಗೆ. ತೂಕದ ಬಟ್ಟು ಇಟ್ಟು ನೋಡು. ತಾಳೆ ಬರಲಿಲ್ವೋ, ನಿಲ್ಲು.”

ವೈಭವ್ ಕಿಸಕ್ಕನೆ ನಕ್ಕ. ಫೆಲಿಕ್ಸ್‌ನ ಆಕಳಿಕೆ ನಿಂತಿತು.

“ಓದಿ ಆಯ್ತಲ್ಲ, ಮುಚ್ಚಿ,” ಅಂದಳು ವತ್ಸಲಾ. “ತಕ್ಕಡಿ ನಾನೇ ಸರಿಮಾಡಿ ತಂದಿದೀನಿ.”

“ಯಾವಾಗ?”

“ನಿನ್ನೆ ಬೆಳಿಗ್ಗೆ.”

ಹೇಳಿದ ಮೇಲೆ ಅವಳಿಗೇ ಆ ‘ನಿನ್ನೆ’ ಕಿವಿಗೆ ತಾಕಿತು. ದ್ವಾರಕಾನಾಥ್ ಪುಸ್ತಕ ಹೇಳಿದ ಹಾಗೆ, ಪೆಟ್ಟಿಗೆಯಿಂದ ಪುಟ್ಟ ಬಟ್ಟನ್ನು ಚಿಮ್ಮಟದಲ್ಲಿ ಎತ್ತಿ ತಟ್ಟೆಯಲ್ಲಿಟ್ಟ. ತಕ್ಕಡಿಯ ಮುಳ್ಳು ಅಲ್ಲಾಡಿತು, ಅಲ್ಲಾಡಿತು, ಗೆರೆಯಿಂದ ಆಚೆ ಹೋಗಿ ನಿಂತಿತು. ಎತ್ತಿ ಮತ್ತೆ ಇಟ್ಟ. ಮತ್ತೆ ಆಚೆಗೇ.

“ತಾಳೆ ಬರ್ತಿಲ್ಲ. ನಿಂತೆ,” ಅಂತ ದ್ವಾರಕಾನಾಥ್ ನಿಜಕ್ಕೂ ಕೈಕಟ್ಟಿ ನಿಂತ.

“ಅದಕ್ಕೆಂತ ದೊಡ್ಡ ಸಂಗತಿ?” ಡೆಂಜಿಲ್ ಎದ್ದು ಬಂದ. “ತಿರುಪು ತಿರುಗಿಸಿ ಸೊನ್ನೆಗೆ ತಂದರೆ ಆಯ್ತಲ್ಲ?” ಬೆರಳು ತಿರುಪಿನ ಮೇಲಿತ್ತು. ನಿಜ ಹೇಳಬೇಕೆಂದರೆ ವತ್ಸಲಾಳ ಬೆರಳೂ ಅದೇ ದಾರಿಯಲ್ಲಿತ್ತು.

“ಕೈ ತೆಗಿ!” ಅಂತ ಅತ್ತೆ ಗದರಿದಳು. ಇಬ್ಬರೂ ಕೈ ತೆಗೆದರು. ದ್ವಾರಕಾನಾಥ್ ಮುಂದಿನ ಸಾಲು ಓದಿದ: “ಯಾಕೆ ತಪ್ಪಿತು ಅಂತ ಗೊತ್ತಾಗೋ ತನಕ ತಿರುಪು ಮುಟ್ಟಬಾರದು. ತಟ್ಟೆ ಎತ್ತಿ ನೋಡು. ಅಡಿಗೆ ಏನಾದ್ರೂ ಅಂಟಿದೆಯಾ?”

ಫೆಲಿಕ್ಸ್ ತಟ್ಟೆ ಎತ್ತಿ ತಿರುಗಿಸಿದ. ಅಡಿಯಲ್ಲಿ, ಯಾರ ಕಣ್ಣಿಗೂ ಕಾಣದ ಜಾಗದಲ್ಲಿ, ಅಚ್ಚುಕಟ್ಟಾಗಿ, ಗಂಧದ ಮೇಲೆ ಕುಂಕುಮದ ಬೊಟ್ಟು. ಒಣಗಿ ಬಿರುಕು ಬಿಟ್ಟಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅದರ ಅರ್ಧ ಚಕ್ಕೆ ಕಳಚಿ ಮೇಜಿನ ಮೇಲೆ ಬಿತ್ತು.

ವತ್ಸಲಾಳ ತಲೆಯೊಳಗೆ ಒಂದು ಗ್ರಾಫು ಸರ್ರನೆ ಏರಿತು. ಬೊಟ್ಟಿನ ಸಮೇತ ತೂಗಿದ್ದರೆ ಮದ್ದು ಕಡಿಮೆ ಬೀಳುತ್ತಿತ್ತು. ಗುಂಡು ನಳಿಗೆಯ ನಡುವೆಯೇ ಕೂತುಬಿಡಬಹುದಿತ್ತು, ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ಅಜ್ಜಿಯ ಮೂತಿ ಸುಲಿದ ಬಾಳೆಹಣ್ಣು. ಡೆಂಜಿಲ್ ಹೇಳಿದ ಹಾಗೆ ತಿರುಪು ತಿರುಗಿಸಿ, ಆಮೇಲೆ ಚಕ್ಕೆ ಉದುರಿದ್ದರೆ? ಆಗ ಮದ್ದು ಹೆಚ್ಚು ಬೀಳುತ್ತಿತ್ತು. ಇಷ್ಟೆಲ್ಲ ಮೇಷ್ಟ್ರ ಪುಸ್ತಕದಲ್ಲಿ ಇತ್ತು, ಅವಳಿಗೆ ಬಾಯಿಪಾಠವಾಗಿತ್ತು. ತಟ್ಟೆ ಎತ್ತಿ ನೋಡು ಅನ್ನುವುದೊಂದು ಬಿಟ್ಟು.

“ರೀ...”

“ಕಾಣದ ಕಡೆ ಇಡಿ ಅಂದಿದ್ದು ನೀನೇ ತಾನೇ?” ದ್ವಾರಕಾನಾಥ್‌ನ ಸ್ವಂತ ದನಿ ಸಣ್ಣಗೆ ಹೊರಬಂತು.

ಡೆಂಜಿಲ್‌ಗೆ ಸ್ವರ್ಗ ಮೂರೇ ಗೇಣು. “ನೋಡಿದಿರಾ ಫೆಲಿಕ್ಸ್? ನಾನು ಹೇಳಿದ್ದು ಎಂತ? ಗಂಡ ಕುಂಕುಮ ಹಚ್ಚಿದ, ಹೆಂಡತಿ ನೋಡಲಿಲ್ಲ. ಕೆಮಿಸ್ಟ್ರಿ ಟೀಚರದ್ದೇ ಈ ಅವಸ್ಥೆ. ಇವರ ಕೈಯಲ್ಲಿ ಮದ್ದು ಕೊಟ್ಟರೆ ನಾಳೆ ನನ್ನ ಕ್ಲಿನಿಕ್ಕಿಗೆ ಬರುವುದು ಪೇಷೆಂಟ್ ಅಲ್ಲ, ಪಾರ್ಸೆಲ್. ಬಾರೇ ಸೇಫ್. ಬಿಯರ್ ಗ್ಲಾಸಿಗೆ ಕುಂಕುಮ ಹಚ್ಚಿದರೂ ಯಾರೂ ಸಾಯುವುದಿಲ್ಲ.” ಆಮೇಲೆ ಕೊಂಕಣಿಗೆ ಹೊರಳಿ ಫೆಲಿಕ್ಸ್‌ನ ಕಿವಿಯಲ್ಲಿ ಏನೋ ಶುರುಮಾಡಿದ.

“ವೊಗೊ ರಾವ್,” ಅಂದ ಫೆಲಿಕ್ಸ್. ಸುಮ್ಮನಿರು ಅಂತ. ಅವನು ಆ ಅರ್ಧ ಚಕ್ಕೆಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡುತ್ತಿದ್ದ. ಮುಖದಲ್ಲಿ ಹೆಡ್‌ಮಾಸ್ತರು ಇಳಿದು ಬಂದಿದ್ದ. ವತ್ಸಲಾಗೆ ತನ್ನ ಅಜ್ಜಿ ಬೀರುವಿನ ಕತ್ತಲಲ್ಲಿ ಒರಗಿ ನಿಂತದ್ದು ಕಂಡಿತು. ಈ ಕೋಣೆಯಲ್ಲಿ ಗ್ಲಾಸಿಗೆ ಗ್ಲಾಸು ತಾಗುವ ಸದ್ದೂ ಕೇಳಿಸಿತು.

“ಅಂಕಲ್, ಒಂದ್ ಡೌಟು,” ಅಂದ ಮೂಲೆಯಿಂದ ವೈಭವ್, ಈ ಸಲ ಯಾರ ದನಿಯನ್ನೂ ಎರವಲು ತರದೆ. “ತಪ್ಪು ಮಾಡಿದ್ದು ಎಕ್ಸ್‌ಪರ್ಟ್ ಮೇಡಂ. ಅದನ್ನ ಜಾಸ್ತಿ ಮಾಡೋಕೆ ಹೋಗಿದ್ದು ಡಾಕ್ಟ್ರು. ಹಿಡಿದಿದ್ದು ಯಾರು?”

“ಇವರು,” ಅಂತ ಡೆಂಜಿಲ್ ದ್ವಾರಕಾನಾಥ್‌ನ ಕಡೆ ಕೈ ಮಾಡಿದ.

“ನಾನಾ?” ದ್ವಾರಕಾನಾಥ್ ಗಾಬರಿಬಿದ್ದ. “ನನಗೇನು ಗೊತ್ತು? ನಾನು ಎಫ್.ಡಿ. ಮಾಡೋನು. ಅದು ಹೇಳ್ತು, ನಾನು ಮಾಡಿದೆ.”

ಫೆಲಿಕ್ಸ್ ತಲೆ ಎತ್ತಿದ. “ಟೀಚರ್, ನೀವು ಕಮಿಟಿಗೆ ಒಪ್ಪಿಸುವ ಪುಸ್ತಕ ಯಾವುದು?”

ಎಲ್ಲರೂ ಅವಳ ಕಡೆ ನೋಡಿದರು. ಅವಳ ಬಲಗೈ ಕೆಳಗೆ ಮೇಷ್ಟ್ರು ಇದ್ದ, ಗ್ರಾಫುಗಳ ಸಮೇತ, ತಾನು ಇಷ್ಟಪಟ್ಟು ಬರೆದುಕೊಂಡ ಟಿಪ್ಪಣಿಗಳ ಸಮೇತ. ಅವಳು ಆರಿಸಿದ್ದು ತನಗೆ ಇಷ್ಟವಾದ ಪುಸ್ತಕವನ್ನು. ಫೆಲಿಕ್ಸ್ ಕೇಳಿದ್ದು ಹೊಸಬರಿಗೆ ಬೇಕಾದದ್ದನ್ನು. ಆ ಹಾಳು ಹೆಂಗಸು ಇವತ್ತೂ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇವತ್ತೂ ಹಾಲು ನಿಜವಾಗಿ ಉಕ್ಕುತ್ತಿತ್ತು.

ವತ್ಸಲಾ ಮೇಷ್ಟ್ರನ್ನು ಮುಚ್ಚಿ ಚೀಲಕ್ಕೆ ಹಾಕಿದಳು. ಗಂಡನ ಕೈಯಿಂದ ಬಡಕಲು ಪುಸ್ತಕ ತೆಗೆದುಕೊಂಡು ಫೆಲಿಕ್ಸ್‌ನ ಎದುರು ತೆರೆದಿಟ್ಟಳು. ಅದು ಮುಚ್ಚಿಕೊಳ್ಳಲಿಲ್ಲ.

“ಇದು. ಬೇರೆ ಪುಸ್ತಕ ತಂದಿದ್ದೆ, ಅದು ಬೇಡ. ಅದು ನನ್ನಂಥ ಗೊತ್ತಿರೋರಿಗೆ. ಗೊತ್ತಿರೋರು ಏನು ಮಾಡ್ತಾರೆ ಅಂತ ಈಗ ನೋಡಿದ್ರಲ್ಲ.”

ಫೆಲಿಕ್ಸ್ ಪುಟ ತಿರುವಿದ. ನಿಲ್ಲಿ, ನಿಲ್ಲಿ, ನಿಲ್ಲಿ. ಪ್ರತಿ ‘ನಿಲ್ಲಿ’ಗೂ ಅವನ ಹುಬ್ಬು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಹೆಡ್‌ಮಾಸ್ತರಿಗೆ ಇಂಥ ಸಾಹಿತ್ಯ ಪ್ರಿಯ.

“ಕೋಣೆ ನಿಮ್ಮದು,” ಅಂದ. ಡೆಂಜಿಲ್ ಬಾಯಿ ತೆರೆದ. “ನೀವು ಸ್ವಲ್ಪ ನಿಲ್ಲಿ ಡಾಕ್ಟ್ರೇ,” ಅಂತ ಫೆಲಿಕ್ಸ್ ಪುಸ್ತಕದಿಂದಲೇ ಓದಿದ. “ಆದರೆ ಟೀಚರ್, ಒಂದು ಷರತ್ತು. ನೀವು ಒಬ್ಬರೇ ಕೂತು ತುಂಬುವ ಹಾಗಿಲ್ಲ. ನಿಮಗೆ ಎಲ್ಲ ಗೊತ್ತುಂಟು, ಅದೇ ತೊಂದರೆ. ತುಂಬುವಾಗ ಪ್ರತಿ ಸಲ ಇವರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ಇದೇ ಸ್ವರದಲ್ಲಿ.”

“ಇದೇ ಸ್ವರದಲ್ಲಾ?” ವತ್ಸಲಾಳ ದನಿ ಒಡೆಯಿತು.

“ನನ್ನ ಬೆರಳು ತಿರುಪಿನಿಂದ ಹಿಂದೆ ಬಂದದ್ದು ಆ ಸ್ವರಕ್ಕೇ ಅಲ್ವಾ,” ಅಂದ ಡೆಂಜಿಲ್. ಸೋತವನು ಸೇಡು ತೀರಿಸಿಕೊಳ್ಳುವುದಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಅಂತ ಅವನ ಮುಖ ಅರಳಿತ್ತು. “ಷರತ್ತಿಗೆ ನನ್ನದೂ ಸಹಿ ಉಂಟು.”

ಮುಂದಿನ ಶನಿವಾರ ಅದೇ ಕೋಣೆ. ಗೋಡೆಯ ಮೇಲೆ ಫ್ರಿಜ್ಜಿನ ಚಾಕ್‌ಪೀಸ್ ಗೀಟು ಇನ್ನೂ ಹಾಗೇ ಇತ್ತು. ಮೇಜಿನ ಮೇಲೆ ಈಗ ರವೆಯಲ್ಲ, ನಿಜವಾದ ಮದ್ದಿನ ಡಬ್ಬಿ, ಒಂದೇ ಡಬ್ಬಿ. ಬಾಗಿಲಾಚೆ, ಬೇಲಿಯ ಹತ್ತಿರ, ಕಾಡುಹಂದಿಯೊಂದು ಮೊಣಕಾಲೂರಿ ಹುಲ್ಲು ಕೀಳುತ್ತಿತ್ತು. ವೈಭವ್ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು, ಮೊಬೈಲು ಹೊರಗೆ ಇಟ್ಟು ಬಂದು ಕೂತ. ಅಜ್ಜಿ ಗೋಡೆಗೊರಗಿ ಕಾಯುತ್ತಿದ್ದಳು.

ದ್ವಾರಕಾನಾಥ್ ಪುಸ್ತಕ ತೆರೆದು, ಟವೆಲ್ಲನ್ನು ಸೊಂಟಕ್ಕೆ ಸಿಕ್ಕಿಸಿದ.

“ಕೈ ತೊಳೆದ್ಯೇನಮ್ಮಾ ವತ್ಸಲಾ?”

“ತೊಳೆದೆ.”

“ಸೋಪು?”

“ಹಾಕಿದೆ.”

“ತಟ್ಟೆ ಎತ್ತಿ ನೋಡಿದ್ಯಾ?”

ವತ್ಸಲಾ ತಟ್ಟೆ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಇಡೀ ಕೋಣೆಗೆ ತೋರಿಸಿದಳು. ಬಟ್ಟು ಇಟ್ಟಳು. ಮುಳ್ಳು ಅಲ್ಲಾಡಿ ಗೆರೆಯ ಮೇಲೆ ಬಂದು ಕೂತಿತು. ಅವಳ ಕೈ ಮದ್ದಿನ ಡಬ್ಬಿಯ ಕಡೆ ಹೊರಟಿತು.

“ನಿಲ್ಲು!”

ಹಿಂದೂ ಮಹಾಸಾಗರದ ಆಚೆ ದಡದವರೆಗೂ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟು, ವತ್ಸಲಾ ಕೈಯನ್ನು ಗಾಳಿಯಲ್ಲೇ ಹಿಡಿದಳು.

“ನಿಂತಿದೀನಿ ಅತ್ತೆ,” ಅಂದಳು. “ಮುಂದಕ್ಕೆ ಓದಿ.”